ಮೂರು ಹಾದಿಯ ಮೇಲಿನ ಅ

ಎಲ್ಲಾ ಆದದ್ದು ಒಂದು ಲಿಂಬೆಹಣ್ಣಿನಿಂದ.

ಮೂಡಲಗಿಯ ಬಸ್ ಕಂಡಕ್ಟರ್ ಹೊಳೆಪ್ಪನ ಮಗಳು ಆಮ್ರಪಾಲಿಗೆ ಪಾಟಿ ಬಳಪ ಕಂಡರೆ ಜ್ವರ. ಶಾಲೆಗೆ ಸೇರಿ ಮಳೆಗಾಲ ಕಳೆದರೂ 'ಅ' ಅವಳ ಬಾಯಿಂದಲೂ ಬಂದಿಲ್ಲ, ಕೈಯಿಂದಲೂ ಇಳಿದಿಲ್ಲ. "ಈ ಕೂಸಿಗೆ ಅಕ್ಷರ ಹತ್ತೂದಿಲ್ಲ ಹೊಳೆಪ್ಪ, ಬಿಟ್ಟಬಿಡು," ಎಂದು ಅದೇ ಓಣಿಯ ಕಿಶೋರ ಮಾಸ್ತರರು, ಸುಟ್ಟ ಮೋಟರ್ ಬಿಚ್ಚಿ ನೋಡಿದ ಮಿಸ್ತ್ರಿಯಂತೆ ಹೇಳಿಬಿಟ್ಟಿದ್ದರು. ಆ ಮಾತು ಹೊಳೆಪ್ಪನ ಎದೆಯಲ್ಲಿ ಮುರಿದ ಮುಳ್ಳಾಗಿ ಕೂತಿತ್ತು.

ಮೊಬೈಲಿನ ವಿಡಿಯೋದಲ್ಲಿ ಒಬ್ಬಾಕೆ ಉಪಾಯ ಹೇಳಿದ್ದಳು: ಅಕ್ಷರವನ್ನು ನೆಲದ ಮೇಲೆ ಆಳುದ್ದ ಬರೆದು ಬಣ್ಣ ತುಂಬಿರಿ. ಶುರುವಾಗುವಲ್ಲಿ ಉರುಳುವಂಥದ್ದೇನಾದರೂ ಇಡಿ. ಮಗು ಅದನ್ನು ಗೆರೆಗುಂಟ ಉರುಳಿಸುತ್ತ ಸದ್ದು ಹೇಳಲಿ, ಕಲಿಯುವುದೇ ಆಟವಾಗುತ್ತದೆ. ರಜೆಯ ದಿನ ನಸುಕಿನಲ್ಲೇ ಹೊಳೆಪ್ಪ ಮನೆಯಲ್ಲಿದ್ದದ್ದನ್ನೆಲ್ಲ ಬಳಿದು ತಂದ. ಜೋಳದ ಹಿಟ್ಟು, ಮೇಲೆ ಭಂಡಾರದ ಅರಿಸಿನಪುಡಿ, ಅಂಚಿಗೆ ಕುಂಕುಮ. ಮನೆಮುಂದೆ ಗಟಾರ, ಸಪಾಟು ಸಿಮೆಂಟಿದ್ದದ್ದು ಮೂರು ಹಾದಿ ಕೂಡುವಲ್ಲಿ ಮಾತ್ರ. ಅಲ್ಲಿ ದೊಡ್ಡದೊಂದು ಅ ಬರೆದು, ತುದಿಗೆ ಲಿಂಬೆಹಣ್ಣು ಇಟ್ಟು, ಮಗಳನ್ನು ಎಬ್ಬಿಸಲು ಒಳಗೆ ಹೋದ.

ಅವತ್ತು ಅಮಾವಾಸ್ಯೆ. ಕಂಡಕ್ಟರನಿಗೆ ರಜೆ ನೆನಪಿರುತ್ತದೆ, ತಿಥಿ ಅಲ್ಲ.

"ಅಯ್ಯ ಯವ್ವಾ! ಯಾರೋ ಮಾಟಾ ಮಾಡಿಸಿ ಒಗದಾರ!" ನೀರಿಗೆ ಹೊರಟಿದ್ದ ಶಂಕ್ರವ್ವನ ಕೊಡ ಬಿತ್ತು. ಆ ಸದ್ದಿಗೇ ಓಣಿ ನೆರೆಯಿತು. ಕಬ್ಬಿನ ಹಾಲಿನ ಗಾಡಿ ತಳ್ಳಿಕೊಂಡು ಬಂದ ಅಕ್ಬರಸಾಬ ಗಕ್ಕನೆ ನಿಂತ.

"ದಾಟಿ ಹೋಗೋ ಮಾರಾಯ," ಎಂದರು ಯಾರೋ.

"ನಾ ಇದೆಲ್ಲಾ ನಂಬಂಗಿಲ್ರಿ. ಆದ್ರ ಗಾಡಿ ಹೊಸಾದೈತಿ."

"ಮಾಸ್ತರ್ನ ಕರೀರಿ, ಓದಿದಾವ್ರು," ಎಂದಳು ಶಂಕ್ರವ್ವ.

ಕಿಶೋರ ಮಾಸ್ತರರು ಹೆಗಲ ಮೇಲೆ ಟವೆಲ್ಲಿನೊಂದಿಗೆ ಬಂದರು. ಜನ್ಮವಿಡೀ ಅ ಕಲಿಸಿದ ಕಣ್ಣು. ದೂರದಿಂದಲೇ ಆ ಕಡೆಯಿಂದೊಮ್ಮೆ, ಈ ಕಡೆಯಿಂದೊಮ್ಮೆ ಕತ್ತು ವಾರೆ ಮಾಡಿ ನೋಡಿದರು.

"ಇದು ನಮ್ಮ ಕಡೀದಲ್ಲ," ಎಂದರು. "ಕೇರಳದ್ದು."

ಅಷ್ಟರಲ್ಲಿ ಹೊಳೆಪ್ಪ ಓಡಿಬಂದ. "ಅದು ಅ ಐತ್ರಿ ಸರ! ನಮ್ಮ ಹುಡುಗಿ ಸಲುವಾಗಿ ನಾನ ಹಾಕೇನಿ!"

"ಸ್ವಂತ ಮಗಳ ಮ್ಯಾಲೆ ಮಾಡಿಸಿಯೇನೋ, ಮೂಳಾ!" ಶಂಕ್ರವ್ವ ಬಾಯಿಗೆ ಸೆರಗು ಒತ್ತಿಕೊಂಡಳು.

ಆಮ್ರಪಾಲಿ ಅಪ್ಪನ ಹಿಂದಿನಿಂದ ತೂರಿ ಬಂದು ನೆಲ ನೋಡಿದಳು. ಪಾಟಿಯ ಮೇಲೆ ದಿನಾ ಹೆದರಿಸುತ್ತಿದ್ದದ್ದೇ, ಇಲ್ಲಿ ಬಣ್ಣ ಬಳಿದುಕೊಂಡು ಅಂಗಾತ ಬಿದ್ದಿತ್ತು. ಮೊದಲ ಸಲ ಬಾಯಿ ತೆರೆದಳು.

"ಅ!"

"ಕೂಸಿನ ಮೈಯಾಗ ಬಂತೋ!" ಗುಂಪು ಹಿಂದೆ ಸರಿಯಿತು.

ಆಮ್ರಪಾಲಿ ಎಲ್ಲರ ಮುಖ ನೋಡಿದಳು. ಮತ್ತೊಮ್ಮೆ, ಈ ಸಲ ಬೇಕೆಂದೇ, "ಅ!" ಎಂದಳು. ಮಾಸ್ತರರು ಗಾಡಿಯ ಮರೆಗೆ ಸರಿದರು.

ಹೊಳೆಪ್ಪನೇ ಎಲ್ಲ ತೊಳೆದ, ಕುಂಬಳಕಾಯಿ ಒಡೆದ, ಹಿರಿಯರ ಕಾಲಿಗೆ ಬಿದ್ದ. ದಿನಾ ಎಮ್ಮೆಹಾಲು ಹಾಕುವವ ಅವನ ಮನೆ ಬಿಟ್ಟು ಮುಂದಿನ ಮನೆಗೆ ಹೋದ. ಲಿಂಬೆಹಣ್ಣು ಏನಾಯಿತೆಂದು ಯಾರೂ ಕೇಳಲಿಲ್ಲ.

ಮಧ್ಯಾಹ್ನ ಮಗಳು ತಾನಾಗಿಯೇ ಬಂದು ಸೀಮೆಸುಣ್ಣ ಕೇಳಿದಳು. ಹೊಳೆಪ್ಪ ಡಬ್ಬಿಯನ್ನೇ ಅವಳ ಕೈಗಿಟ್ಟ. ಸಂಜೆಯೊಳಗೆ ಶಂಕ್ರವ್ವನ ಹೊಸ್ತಿಲ ಮೇಲೊಂದು ಅ, ಅಕ್ಬರಸಾಬನ ಗಾಡಿಯ ಮುಂದೊಂದು, ಮಾಸ್ತರರ ಸ್ಕೂಟರಿನ ಸೀಟಿನ ಮೇಲೊಂದು. ಎಲ್ಲವೂ ಬೆಲ್ಲದ ಪೆಂಟಿಯಂತೆ ಗುಂಡುಗುಂಡಗೆ. ಶಂಕ್ರವ್ವ ಮನೆಯೊಳಗೇ ಉಳಿದಳು. ಮಾಸ್ತರರು ಸಂತೆಗೆ ನಡೆದು ಹೋದರು. ಹೊಳೆಪ್ಪ ಒದ್ದೆ ಅರಿವೆ ಹಿಡಿದು, ಬೈಸಿಕೊಳ್ಳುತ್ತ, ಒಂದೊಂದೇ ಒರೆಸಿಕೊಂಡು ಬಂದ.

ಮಗಳು ಬಾಗಿಲಲ್ಲೇ ಕೂತಿದ್ದಳು.

"ಶಾಣ್ಯಾಕಿ ಅದಿ," ಎಂದ ಹೊಳೆಪ್ಪ. "ಇನ್ನ 'ಆ' ಕಲಿಯೂಣು. ನಿನ್ನ ಹೆಸರು ಅದರಿಂದನ ಸುರು ಆಗತೈತಿ."

"ಅದನ್ನ ನೋಡಿ ಯಾರರೆ ಓಡ್ತಾರೇನಪ್ಪಾ?"

"ಇಲ್ಲವ್ವ."

"ಮತ್ತ ಯಾಕ ಬೇಕದು?"

ಅವನ ಕಾಲ ಮುಂದೆಯೇ ಒಂದು ಅ ಬರೆದಳು. ಕಿಸೆಯಿಂದ ಲಿಂಬೆಹಣ್ಣು ತೆಗೆದು ತುದಿಗೆ ಇಟ್ಟಳು. "ದಾಟು ನೋಡೂಣು."

ಹೊಳೆಪ್ಪ ನಕ್ಕ. ಇಂಥವನ್ನು ನಂಬುವ ಮನೆತನವೇ ಅಲ್ಲ ಅವನದು. ನಗುತ್ತಲೇ ಕಾಲೆತ್ತಿದ. ಎತ್ತಿದ ಕಾಲು ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತು.

ಆಮೇಲೆ, ಚಪ್ಪಲಿಯಲ್ಲಿ ಹರಳು ಸಿಕ್ಕಿದವನಂತೆ ಅದನ್ನು ಕೆಳಗಿಳಿಸಿ, ಹಿತ್ತಿಲ ಬಾಗಿಲಿಂದ ಒಳಗೆ ಹೋದ.