ಸರ್ಕಾರಿ ವಿಮೆಯೂ ಗೀರು ಬೀಳದ ಗಂಡನೂ

ನಲವತ್ತೊಂದು ವರ್ಷಗಳಲ್ಲಿ ನನ್ನ ಗಾಡಿಗೆ ಒಂದು ಗೀರು ಬಿದ್ದಿರಲಿಲ್ಲ. ಈ ಮಾತನ್ನು ನಮ್ಮೂರಿನಲ್ಲಿ ಕೇಳದವರು ಯಾರೂ ಇಲ್ಲ. ಎರಡನೆಯ ಸಲ ಪೂರ್ತಿ ಕೇಳಿದವರೂ ಯಾರೂ ಇಲ್ಲ.

ನಾನು ಓರೆಸ್ಟ್ ಪ್ರೊಕೊಪ್ಚುಕ್. ಮ್ಯಾನಿಟೋಬಾದ ಗೋಧಿ ಹೊಲಗಳ ನಡುವಿನ ಒಂದು ಸಣ್ಣ ಊರಿನ ಹೈಸ್ಕೂಲಿನಲ್ಲಿ ಮರಗೆಲಸ ಕಲಿಸಿ ನಿವೃತ್ತನಾದವನು. (ಹತ್ತೂ ಬೆರಳು ಇನ್ನೂ ಇವೆ. ಅದನ್ನೂ ಹೇಳಿಕೊಳ್ಳುತ್ತಿರುತ್ತೇನೆ.) ಇಂಥ ಸರ್ವಜಾಗರೂಕನಾದ ನನಗೆ ಬಾಳಿನಲ್ಲಿ ಇದ್ದದ್ದು ಒಂದೇ ಕೊರಗು. ನಮ್ಮ ಪ್ರಾಂತ್ಯದಲ್ಲಿ ಕಾರಿನ ವಿಮೆ ಸರ್ಕಾರದ್ದು. ನಂಬರ್ ಪ್ಲೇಟೂ ಅಲ್ಲೇ, ವಿಮೆಯೂ ಅಲ್ಲೇ. ಬೆಲೆ ಹೆಚ್ಚಾಯಿತೆಂದು ಮುನಿಸಿಕೊಂಡು ಎದ್ದು ಹೋಗೋಣವೆಂದರೆ ಹೋಗಲು ಬೇರೆ ಜಾಗವಿಲ್ಲ, ಮದುವೆಯ ಹಾಗೆ. (ಈ ಹೋಲಿಕೆಯನ್ನು ಮನೆಯಲ್ಲಿ ಒಂದೇ ಸಲ ಬಳಸಿದ್ದೇನೆ.)

ಚೆನ್ನಾಗಿ ಓಡಿಸುವವರನ್ನು ಸರ್ಕಾರ ವರ್ಷಕ್ಕೊಂದು ಮೆಟ್ಟಿಲು ಮೇಲೆ ಹತ್ತಿಸಿ ವಿಮೆಯಲ್ಲಿ ರಿಯಾಯಿತಿ ಕೊಡುತ್ತದೆ. ನಾನು ತುತ್ತತುದಿಯಲ್ಲಿದ್ದೆ. ಆದರೂ ಸಮಾಧಾನವಿಲ್ಲ. ಹಿಮದಲ್ಲಿ ಜಾರಿ ಚರಂಡಿಗೆ ಇಳಿದವನಿಗೂ, ಜಿಂಕೆಗೆ ಗುದ್ದಿದವನಿಗೂ ನಾನೇ ಕೈಯಿಂದ ಕೊಡುತ್ತಿದ್ದೇನೆಂದು ನನ್ನ ಹೊಟ್ಟೆ ಉರಿಯುತ್ತಿತ್ತು.

ಈ ಉರಿಗೆ ತುಪ್ಪ ಹೊಯ್ಯುತ್ತಿದ್ದವನು ನನ್ನ ಹೆಂಡತಿ ಲೆಸ್ಯಾಳ ಅಣ್ಣ ಝೆನನ್. ಅವನಿರುವುದು ಆಲ್ಬರ್ಟಾದ ಕ್ಯಾಲ್ಗರಿಯಲ್ಲಿ. ಅಲ್ಲಿ ವಿಮೆ ಖಾಸಗಿ. ವರ್ಷಕ್ಕೆ ಮೂರು ದಿನ ಫೋನು ಹಿಡಿದು ಕೂತು, ಏಳೆಂಟು ಕಂಪನಿಗಳನ್ನು ಒಂದಕ್ಕೊಂದು ಎತ್ತಿಕಟ್ಟಿ, ಕೊನೆಗೆ ಒಂದರ ಕೊರಳಿಗೆ ಸ್ವಯಂವರದ ರಾಜಕುಮಾರಿಯಂತೆ ಮಾಲೆ ಹಾಕುತ್ತಾನೆ. ಆಮೇಲೆ ನನಗೆ ಫೋನು ಮಾಡಿ, ನಿಮ್ಮಲ್ಲಿ ವರನೂ ಒಬ್ಬನೇ ಮಂಟಪವೂ ಒಂದೇ ಅಲ್ಲವೇ ಭಾವ ಎಂದು ಕನಿಕರಿಸುತ್ತಾನೆ. ಅವನು ಕಟ್ಟುವುದು ನನಗಿಂತ ಹೆಚ್ಚೆಂದು ಲೆಸ್ಯಾ ವಿಚಾರಿಸಿ ತಿಳಿದುಕೊಂಡಳು. ಸ್ವಾತಂತ್ರ್ಯ ಯಾವತ್ತೂ ಅಗ್ಗವಲ್ಲ ಎಂದು ನಾನು ಅವಳಿಗೆ ತಿಳಿಹೇಳಿದೆ.

ಹೀಗಿರುವಾಗ ಅಕ್ಟೋಬರಿನಲ್ಲಿ ಊರಿನ ಗ್ರಂಥಪಾಲಕಿ ವಿಲ್ಮಾ ಫ್ರೀಸೆನ್ ಅವರು ಸಮುದಾಯ ಭವನದಲ್ಲಿ ಒಂದು ಚರ್ಚೆ ಏರ್ಪಡಿಸಿದರು. ವಿಷಯ: ಕಾರಿನ ವಿಮೆ ಸರ್ಕಾರದ ಕೈಯಲ್ಲೇ ಇರಬೇಕೆ? ಬೇಡ ಎನ್ನಲು ನಾನು ತಕ್ಷಣ ಒಪ್ಪಿದೆ. ಬೇಕು ಎನ್ನಲು ಯಾರೂ ಮುಂದೆ ಬರಲಿಲ್ಲ. ನನ್ನ ವಾಗ್ವೈಭವಕ್ಕೆ ಹೆದರಿದ್ದಾರೆ ಎಂದುಕೊಂಡೆ. (ವೇದಿಕೆಯ ಮೇಲೆ ಕೂತರೆ ನನ್ನ ಭಾಷಣದ ನಡುವೆ ಎದ್ದು ಹೋಗುವಂತಿಲ್ಲವಲ್ಲ ಎಂದು ಹೆದರಿದ್ದರಂತೆ.) ಕೊನೆಗೆ ಒಪ್ಪಿದವಳು ಲೆಸ್ಯಾ. ಹೇಗೂ ಅಭ್ಯಾಸವಿದೆ ಎಂದಳಂತೆ.

ಅಂದಿನಿಂದ ನಮ್ಮ ಮನೆ ಎರಡು ಪಕ್ಷದ ಶಾಸನಸಭೆಯಾಯಿತು. ನಾನು ಗ್ಯಾರೇಜಿನಲ್ಲಿ ಸ್ಪ್ರೇ ಡಬ್ಬಿಗಳನ್ನು ಸಭಿಕರಂತೆ ಸಾಲಾಗಿ ನಿಲ್ಲಿಸಿ ಭಾಷಣ ಮಾಡುತ್ತಿದ್ದೆ. ಅವಳು ಚರ್ಚೆಯ ದಿನದ ತಿಂಡಿಗೆಂದು ಆಲೂಗಡ್ಡೆ ತುಂಬಿದ ಪಿರೋಹಿ ಕಡುಬುಗಳನ್ನು ಮಡಚುತ್ತ, ಆಗಾಗ ಒಂದು ಪ್ರಶ್ನೆ ಎಸೆಯುತ್ತಿದ್ದಳು. ಮೊಮ್ಮಗಳು ಕಾಲಿನಾಳಿಗೆ ಹತ್ತೊಂಬತ್ತು. ಇಲ್ಲಿ ಅವಳ ವಯಸ್ಸು ನೋಡಿ ವಿಮೆಯ ಬೆಲೆ ಹೇಳುವುದಿಲ್ಲ. ಖಾಸಗಿಯವರು ಹುಡುಗಿಯನ್ನು ಸುಲಿದು ಹಾಕುವುದಿಲ್ಲವೇ ಎಂದು ಲೆಸ್ಯಾ ಕೇಳಿದಳು. ನಾನು ಪೈಪೋಟಿ, ದಕ್ಷತೆ, ಗ್ರಾಹಕನ ಸಾರ್ವಭೌಮತ್ವ ಎಂದೆಲ್ಲ ಉತ್ತರಿಸಿದೆ. ಕಾಲಿನಾ ಆ ಸಾರ್ವಭೌಮತ್ವದಲ್ಲಿ ಪೆಟ್ರೋಲು ಹಾಕಿಸಬಹುದೇ ಎಂದು ಅವಳು ಕೇಳಿದಾಗ ನಾನು ಗ್ಯಾರೇಜಿಗೆ ಮರಳಿದೆ. ಡಬ್ಬಿಗಳು ಹೀಗೆಲ್ಲ ಕೇಳುವುದಿಲ್ಲ.

ಚರ್ಚೆಯ ದಿನ ಶನಿವಾರ. ಮೈಕು ಪರೀಕ್ಷಿಸಲು ನಾನು ಒಂದು ಗಂಟೆ ಮೊದಲೇ ಹೊರಟು ಪಿಕಪ್ ಹತ್ತಿದೆ. ಭಾಷಣದ ಹಾಳೆ ಸ್ಟೀರಿಂಗಿನ ಮೇಲಿತ್ತು. ಕೊನೆಯ ವಾಕ್ಯದಲ್ಲಿ ಸ್ವರ ಎಲ್ಲಿ ಏರಬೇಕೆಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. "ಅಜಾಗರೂಕರ ಪಾಪದ ಹೊರೆಯನ್ನು ಜಾಗರೂಕರು ಹೊರಬೇಕೆ?" ರಿವರ್ಸ್ ಗೇರು ಹಾಕಿದೆ. 'ಹೊರಬೇಕೆ' ಎಂಬಲ್ಲಿ ಸ್ವರದ ಜೊತೆ ಕಾಲೂ ಒತ್ತಿತು.

ಹಿಂದಿನಿಂದ ಕೇಳಿಬಂದ ಸದ್ದು ಚಪ್ಪಾಳೆಯದಲ್ಲ.

ಕಡುಬಿನ ತಟ್ಟೆಗಳನ್ನು ತುಂಬಲು ಸುಲಭವಾಗಲೆಂದು ಲೆಸ್ಯಾ ಬೀದಿಯಲ್ಲಿದ್ದ ತನ್ನ ಪುಟ್ಟ ಕೆಂಪು ಕಾರನ್ನು ತಂದು ನನ್ನ ಪಿಕಪ್ಪಿನ ಬೆನ್ನಿಗೇ ನಿಲ್ಲಿಸಿ ಒಳಗೆ ಹೋಗಿದ್ದಳು. ಈಗ ಅದರ ಮೂತಿ ಅದರ ಹೊಟ್ಟೆಯೊಳಗೆ ಹೋಗಿತ್ತು. ಒಂದು ದೀಪ ಅಂಗಳದಲ್ಲಿ ಉರುಳುತ್ತಿತ್ತು. ಹಿಂದಿನ ಸೀಟಿನಲ್ಲಿದ್ದ, ಕಡುಬಿಗೆ ನಂಚಿಕೊಳ್ಳುವ ಹುಳಿಕೆನೆಯ ಬೋಗುಣಿ ಮುಂದಿನ ಸೀಟಿಗೆ ಬಂದಿತ್ತು. ನನ್ನ ಪಿಕಪ್ಪಿಗೆ ಏನೂ ಆಗಿರಲಿಲ್ಲ. ಬಂಪರಿಗೆ ಒಂದು ಗೀರು, ಅಷ್ಟೆ.

ಲೆಸ್ಯಾ ಕೈಯಲ್ಲಿ ತಟ್ಟೆ ಹಿಡಿದೇ ಹೊರಬಂದಳು. "ಹಿಂದೆ ನೋಡ್ಲಿಲ್ವಾ?"

"ಅಲ್ಲಿ ಯಾವತ್ತೂ ಕಾರು ಇರಲ್ಲ."

"ಕನ್ನಡಿ ಕೊಟ್ಟಿರೋದು ಅದಕ್ಕೇ ಅಲ್ವಾ? ಯಾವತ್ತೂ ಇರದೇ ಇರೋದು ಇದ್ರೆ ಕಾಣ್ಲಿ ಅಂತ."

ನಾನು ಧ್ವನಿ ತಗ್ಗಿಸಿದೆ. ಇದು ಸಭೆಯಲ್ಲಿ ನಿನ್ನ ಬಾಯಿಂದ ಬಂದರೆ ನನ್ನ ಮಾನ ಹರಾಜು ಎಂದೆ. ಅವಳು ಹಾಳಾಗದ ತಟ್ಟೆಗಳನ್ನು ಪಿಕಪ್ಪಿಗೆ ಸಾಗಿಸುತ್ತ ಹೇಳಿದಳು: "ನಾನು ಬರ್ತಿರೋದು ವಿಮೆ ಬಗ್ಗೆ ಮಾತಾಡೋಕೆ. ನಿನ್ನ ಬಗ್ಗೆ ಅಲ್ಲ."

ಸಭಾಭವನ ತುಂಬಿತ್ತು. ನಾನು ಅಮೋಘವಾಗಿ ಮಾತಾಡಿದೆ. ಭಯದಲ್ಲಿರುವವನಿಗೆ ಬರುವ ವಾಗ್ಝರಿ ಧೈರ್ಯವಂತನಿಗೆ ಬರುವುದಿಲ್ಲ. ತಪ್ಪು ಮಾಡಿದವನೇ ತೆರಲಿ ಎಂದೆ. ಜನ ಮೇಜು ಕುಟ್ಟಿದರು. ಆಗ ಹಿಂದಿನ ಸಾಲಿನ ರೈತನೊಬ್ಬ ಎದ್ದು ತನ್ನ ಸಂಶಯ ಕೇಳಿದ. ಅಂಗಡಿ ಮುಂದೆ ಸುಮ್ಮನೆ ನಿಂತಿದ್ದ ಅವನ ಕಾರಿಗೆ ಯಾರೋ ಗುದ್ದಿದ್ದರಂತೆ. "ನಿಂತ ಕಾರಿಗೆ ಗುದ್ದೋರನ್ನ ಏನು ಮಾಡ್ಬೇಕು ಮೇಷ್ಟ್ರೇ?"

ಲೆಸ್ಯಾ ಮಡಿಲಿನ ಮೇಲಿನ ಕಾಗದವನ್ನು ಸರಿಮಾಡುತ್ತಿದ್ದಳು. ಇನ್ನೂರು ಕಣ್ಣು ನನ್ನ ಮೇಲಿದ್ದವು.

"ಅಂಥವರಿಗೆ ವಿಮೆಯನ್ನೇ ಕೊಡಬಾರದು," ಎಂದೆ. "ಖಾಸಗಿ ಕಂಪನಿ ಆಗಿದ್ರೆ ಕತ್ತು ಹಿಡಿದು ಹೊರಗೆ ಹಾಕ್ತಿತ್ತು." ಚಪ್ಪಾಳೆ ನಿಲ್ಲಲು ಬಹಳ ಹೊತ್ತು ಹಿಡಿಯಿತು. ಒಂದೊಂದು ಚಪ್ಪಾಳೆಯೂ ಕೆನ್ನೆಗೆ ಬಿದ್ದಂತಾಯಿತು.

ಲೆಸ್ಯಾ ಐದೇ ನಿಮಿಷ ಮಾತಾಡಿದಳು. ಸರ್ಕಾರಿ ವಿಮೆಯಲ್ಲಿ ಕ್ಯೂ ಉದ್ದ, ಆಯ್ಕೆ ಇಲ್ಲ ಎಂದು ತಾನೇ ಒಪ್ಪಿಕೊಂಡಳು. ಆದರೆ ತನ್ನ ಅಣ್ಣನ ಕಾರಿಗೆ ಕ್ಯಾಲ್ಗರಿಯಲ್ಲಿ ಬೇರೊಬ್ಬ ಗುದ್ದಿದಾಗ ತಪ್ಪು ಯಾರದೆಂದು ಕಂಪನಿಗಳ ನಡುವೆ ತಿಂಗಳುಗಟ್ಟಲೆ ಪತ್ರವ್ಯವಹಾರ ನಡೆಯಿತು, ಅಷ್ಟು ದಿನವೂ ಅಣ್ಣ ಫೋನಿಗೆ ಅಂಟಿಕೊಂಡಿದ್ದ ಎಂದಳು. (ಈ ಸಂಗತಿಯನ್ನು ಝೆನನ್ ನನಗೆ ಹೇಳಿಯೇ ಇರಲಿಲ್ಲ.) ಒಳ್ಳೆಯವರು, ಕೆಟ್ಟವರು ಎಂದು ಚಾಲಕರಲ್ಲಿ ಎರಡು ಜಾತಿ ಇಲ್ಲ, ಒಂದು ಕ್ಷಣ ಬೇರೆ ಕಡೆ ನೋಡಿದವರು, ಇನ್ನೂ ನೋಡದೇ ಇರುವವರು ಅಷ್ಟೇ ಇರುವುದು ಎಂದು ಹೇಳಿ ಕೂತಳು. ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. ಕೈ ಎತ್ತಿಸಿ ಎಣಿಸಿದಾಗ ಗೆದ್ದವನು ನಾನು. ಅಂಥ ದರಿದ್ರ ಗೆಲುವನ್ನು ನಾನು ಕಂಡದ್ದಿಲ್ಲ.

ಸೋಮವಾರ ವಿಮೆ ಕಚೇರಿಗೆ ಹೋದೆ. ಭಾನುವಾರವಿಡೀ ಕೂತು ಮೂರು ಪುಟದ ಹೇಳಿಕೆ ಬರೆದಿದ್ದೆ. ಸಾರಾಂಶ ಇಷ್ಟು: ಕಾರನ್ನು ಇಡಬಾರದ ಜಾಗದಲ್ಲಿ, ಹೇಳದೆ ಕೇಳದೆ ಇಟ್ಟಿದ್ದು ನನ್ನ ಹೆಂಡತಿ, ಆದ್ದರಿಂದ ತಪ್ಪು ಸಂಪೂರ್ಣವಾಗಿ ಅವಳದು. ಮೆಟ್ಟಿಲಿನಿಂದ ಇಳಿಯುವ ಭಯ ಮನುಷ್ಯನಿಂದ ಏನೇನು ಬರೆಸುತ್ತದೆ ನೋಡಿ.

ಕೌಂಟರಿನಲ್ಲಿದ್ದ ಮರಿಸೆಲ್ ಎಂಬ ಹುಡುಗಿ ವಿನಯವಾಗಿ ಕೂರಿಸಿದಳು. ನಾನು ಮೊದಲು ಕೇಳಿದ್ದು, ನನ್ನ ಪರವಾಗಿ ವಾದಿಸುವವರು ಯಾರು ಎಂದು.

"ನಾವೇ ಸರ್."

"ನನ್ನ ಹೆಂಡತಿ ಪರವಾಗಿ?"

"ಅದೂ ನಾವೇ."

ಜಗಳಕ್ಕೆ ಎದುರಾಳಿಯನ್ನೂ ಕೊಡದ ಈ ವ್ಯವಸ್ಥೆಯ ಬಗ್ಗೆ ಎರಡು ಮಾತು ಹೇಳಿ, ಮೂರು ಪುಟಗಳನ್ನು ಮುಂದಿಟ್ಟೆ. ಅವಳು ಓದಿದಳು, ಕಂಪ್ಯೂಟರಿನಲ್ಲಿ ಏನೋ ನೋಡಿದಳು. ನಿಮ್ಮ ಶ್ರೀಮತಿ ಬೆಳಿಗ್ಗೆಯೇ ಫೋನಿನಲ್ಲಿ ಹೇಳಿಕೆ ಕೊಟ್ಟಿದ್ದಾರೆ, ನಿಮ್ಮಿಬ್ಬರ ಮಾತೂ ಒಂದೇ ಇದೆ ಎಂದಳು. ನನಗೆ ಅರ್ಥವಾಗಲಿಲ್ಲ.

"ತಪ್ಪು ನನ್ನದೇ ಅಂದ್ರು ಸರ್. ಹೇಳದೆ ಕಾರನ್ನ ಹಿಂದೆ ತಂದಿಟ್ಟೆ, ಅವರ ದಾಖಲೆ ಕೆಡಿಸಬೇಡಿ ಅಂದ್ರು. ಅದು ಹೋದ್ರೆ ಅವರಿಗೆ ಮಾತಾಡೋಕೆ ಬೇರೆ ವಿಷಯ ಇಲ್ಲ ಅಂತ."

ಭೂಮಿ ಬಾಯಿಬಿಡಬಾರದೇ ಎಂದುಕೊಂಡೆ. ಅದು ಬಿಡಲಿಲ್ಲ, ನಾನೇ ಬಿಟ್ಟೆ. ಇಲ್ಲಮ್ಮ, ಅವಳು ಹೇಳಿದ್ದು ಸುಳ್ಳು, ತಪ್ಪು ನನ್ನದೇ, ನಾನು ಕನ್ನಡಿ ನೋಡಲಿಲ್ಲ, ಭಾಷಣ ಓದುತ್ತಿದ್ದೆ, ಸ್ವರದ ಜೊತೆ ಕಾಲು ಒತ್ತಿದೆ ಎಂದು ಎಲ್ಲವನ್ನೂ ಕಕ್ಕಿದೆ. ಹರಿಶ್ಚಂದ್ರನೂ ಅಷ್ಟು ಆವೇಶದಿಂದ ನಿಜ ಹೇಳಿರಲಾರ. ಪಕ್ಕದ ಕೌಂಟರಿನವರು ಬರೆಯುವುದನ್ನು ನಿಲ್ಲಿಸಿ ಕೇಳಿದರು. ನನ್ನ ತ್ಯಾಗಕ್ಕೆ ನನಗೇ ಕಣ್ಣು ತುಂಬಿತು.

ಮರಿಸೆಲ್ ಕಾಗದದ ಕರವಸ್ತ್ರ ಕೊಟ್ಟಳು. "ಯಾರು ಏನು ಹೇಳಿದ್ರೂ ಅಷ್ಟೇ ಸರ್. ನಿಂತಿರೋ ಕಾರು ತಪ್ಪು ಮಾಡಲ್ಲ."

ಲೆಸ್ಯಾಳ ಕಾರು ಹತ್ತು ದಿನದಲ್ಲಿ ರಿಪೇರಿಯಾಗಿ ಬಂತು. ಅವಳ ದಾಖಲೆಗೆ ಧಕ್ಕೆಯಿಲ್ಲ. ನಾನು ಮಾತ್ರ ದಡದಡನೆ ಕೆಳಗಿಳಿದೆ. ಯಾವ ಕಂಪನಿಯೂ ನನ್ನ ಕತ್ತು ಹಿಡಿದು ಹೊರಗೆ ಹಾಕಲಿಲ್ಲ. ಆ ದಿನ ಕಚೇರಿಯಿಂದ ಮನೆಗೆ ಬಂದು, ಯಾಕೆ ಹಾಗೆ ಹೇಳಿದೆ ಎಂದು ಅವಳನ್ನು ಕೇಳಿದ್ದೆ. "ನಿನ್ನ ಮೂರು ಪುಟದಲ್ಲಿ ನನ್ನ ಬಗ್ಗೆ ಏನು ಬರ್ದಿದ್ದೆ?" ಎಂದು ಅವಳು ಕೇಳಿದಳು. ಅಕ್ಷರ ಸರಿಯಾಗಿ ಬಂದಿರಲಿಲ್ಲ ಎಂದು ಹೇಳಿ ಪಾತ್ರೆ ತೊಳೆಯಲು ಎದ್ದೆ. ಆ ವಾರವೆಲ್ಲ ಪಾತ್ರೆ ನಾನೇ ತೊಳೆದೆ.

ಪಿಕಪ್ಪಿನ ವಿಮೆ ನವೀಕರಿಸುವ ತಿಂಗಳು ಬಂದಾಗ ಮತ್ತೆ ಮರಿಸೆಲ್ಲಳ ಮುಂದೆ ಕೂತೆವು. ರಿಯಾಯಿತಿ ಸಿಗುವುದು ಗಾಡಿ ಯಾರ ಹೆಸರಿನಲ್ಲಿದೆಯೋ ಅವರ ಮೆಟ್ಟಿಲು ನೋಡಿ ಎಂದು ಅವಳು ವಿವರಿಸಿದಳು. ಶ್ರೀಮತಿಯವರು ಬಹಳ ವರ್ಷಗಳಿಂದ ತುದಿಯಲ್ಲಿದ್ದಾರೆ, ಗೊತ್ತಿರಲಿಲ್ಲವೇ ಎಂದಳು. ನನಗೆ ಗೊತ್ತಿರಲಿಲ್ಲ. ಲೆಸ್ಯಾ ಒಮ್ಮೆಯೂ ಹೇಳಿರಲಿಲ್ಲ. ಪಿಕಪ್ಪನ್ನು ಅವರ ಹೆಸರಿಗೆ ಮಾಡಿದರೆ ಲಾಭ ಎಂಬ ಸಲಹೆ ಬಂತು. ನಾನು ಸಹಿ ಹಾಕಿದೆ. ಗಂಡಸಿನ ಪಿಕಪ್ ಅಂದರೆ ಏನೆಂದು ಈ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇವತ್ತು ಬೆಳಿಗ್ಗೆ ಕ್ಷೌರಕ್ಕೆ ಹೋಗಲು ಲೆಸ್ಯಾಳ ಬಳಿ ಕೀ ಕೇಳಿದೆ. ಎಷ್ಟು ಹೊತ್ತಿಗೆ ಬರುತ್ತೀ ಎಂದು ವಿಚಾರಿಸಿ, ಕೀ ಕೊಟ್ಟು, ಕೋಟು ಹಾಕಿಕೊಂಡು ನನ್ನ ಜೊತೆಗೇ ಹೊರಬಂದಳು. ಗಾಡಿಯ ಹಿಂದೆ ನಿಂತು, ವಿಮಾನ ನಿಲ್ದಾಣದಲ್ಲಿ ಮಾಡುವಂತೆ ಎರಡೂ ಕೈ ಎತ್ತಿ, ಬಾ ಬಾ ಎಂದು ಕರೆದಳು. ಎದುರು ಮನೆಯ ಪರದೆ ಸರಿಯಿತು. ಗ್ರಂಥಾಲಯಕ್ಕೆ ಹೊರಟಿದ್ದ ವಿಲ್ಮಾ ಅವರು ರಸ್ತೆಯಾಚೆ ನಿಂತೇಬಿಟ್ಟರು. ನಾನು ಮೂರೂ ಕನ್ನಡಿ ನೋಡಿ, ಕತ್ತು ತಿರುಗಿಸಿ ನೋಡಿ, ಅಂಗುಲ ಅಂಗುಲವಾಗಿ ಗಾಡಿಯನ್ನು ಹಿಂದಕ್ಕೆ ಬಿಟ್ಟೆ. ಬೀದಿಗೆ ಬಂದಾಗ ಅವಳು ಕಿಟಕಿ ತಟ್ಟಿ, "ನಿಧಾನ. ಗಾಡಿ ನನ್ನದು," ಎಂದಳು.

ಆಗಲಿ ಎಂದೆ. ಅವಳು ಕದಲಲಿಲ್ಲ. ಅವಳು ನೋಡುತ್ತಿರುವಾಗ ಯಾವುದಾದರೂ ಒಂದು ಇಂಡಿಕೇಟರ್ ಹಾಕಲೇಬೇಕು ಅನ್ನಿಸಿತು. ಯಾವುದೆಂದು ತೋಚದೆ ಎರಡನ್ನೂ ಹಾಕಿಕೊಂಡು ಹೊರಟೆ.