ಮಾಮಾನ ಊಸರವಳ್ಳಿ ಶಾಸ್ತ್ರ

ನಮ್ಮ ಮಾಮಾನನ್ನು ಯಾರಾದರೂ "ಊಸರವಳ್ಳಿ" ಎಂದು ಬೈದರೆ ಅವರಿಗೆ ಚಹಾ ಖಾತ್ರಿ! ನಮ್ಮ ಇಂಡಿ ಊರ ತುಂಬ ಈ ಸುದ್ದಿ ಹಬ್ಬಿ, ಚಹಾದ ಚಟದವರೆಲ್ಲ ಬೆಳಗಾದರೆ ಸಾಕು, ಬಂದು ಬೈದು ಕುಡಿದು ಹೋಗುತ್ತಿದ್ದರು.

ಮಾಮಾ ಎಂದರೆ ನನ್ನವ್ವನ ಅಣ್ಣ, ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಎಪ್ಪತ್ತರ ದಶಕದ ಆ ದಿನಗಳಲ್ಲಿ ದಕ್ಷಿಣ ಆಫ್ರಿಕಾದ ಕಡೆಯ ಮರುಭೂಮಿಯ ಊಸರವಳ್ಳಿಯ ಬಗ್ಗೆ ಎಲ್ಲೋ ಓದಿ ಹುಚ್ಚು ಹಚ್ಚಿಕೊಂಡಿದ್ದ.

"ಅದು ಮಂದಿಗೆ ಮೋಸ ಮಾಡಾಕ ಬಣ್ಣ ಬದಲಸ್ತೈತಿ ಅಂತೀರಲ್ಲ, ಸುಳ್ಳು! ಮುಂಜಾನಿ ಥಂಡಿಗೆ ಕರ್ರಗಾಗಿ ಬಿಸಿಲು ಹೀರತೈತಿ, ಮಧ್ಯಾಹ್ನ ಬೆಳ್ಳಗಾಗಿ ಬಿಸಿಲು ದೂಡತೈತಿ. ಬದುಕಬೇಕಲ್ರಿ ಪಾಪ!"

ಹೇಳಿ ಸುಮ್ಮನಾದರೆ ಅವನು ಮಾಮಾ ಹೇಗಾದಾನು? ತಾನೂ ಶುರುಮಾಡಿದ. ಮುಂಜಾನೆ ಕರಿ ಕಂಬಳಿ, ಮಧ್ಯಾಹ್ನ ಬಿಳಿ ಧೋತರ. ಆ ಪ್ರಾಣಿ ಬಿಸಿಲಿನ ಮಗ್ಗುಲಷ್ಟೇ ಕಪ್ಪಾಗುವುದೂ ಉಂಟಂತೆ. ಸರಿ, ಒಂದೇ ಭುಜಕ್ಕೆ ಕಂಬಳಿ ಹೊದ್ದು ಶಾಲೆಗೆ ಹೊರಟ!

"ಅರ್ಧಾ ಯಾಕ್ರಿ ಮಾಸ್ತರ?" ಎಂದರು ಹೆಡ್‌ಮಾಸ್ತರರು.

"ಇನ್ನರ್ಧಾ ನೆಳ್ಳಾಗ ಐತ್ರಿ!"

ಊಸರವಳ್ಳಿಯ ಹಾಗೆ, ಗಾಳಿಗೆ ಎಲೆ ಅಲುಗಿದಂತೆ ತೂಗಿ ತೂಗಿ ನಡೆಯುವುದನ್ನೂ ಕಲಿತ. ಸಿಂದಗಿ ಬಸ್ಸಿನ ಕಂಡಕ್ಟರ್ "ಬರ್ತೀರೋ ಇಲ್ಲೋ?" ಎಂದು ಕೂಗಿದರೆ, "ಬರಾಕತ್ತೇನ್ರಿ!" ಎಂದು ಅಲ್ಲೇ ತೂಗಿದ. ಬಸ್ಸು ಕಾದೀತೇ?

ಊರೆಲ್ಲ ನಕ್ಕಿತು. ಅವ್ವ ಮಾತ್ರ ನಗಲಿಲ್ಲ. ಹಿಂದಿನ ವರ್ಷ ಅಪ್ಪ ಹೋದ ಮೇಲೆ ನಾವು ಮಾಮಾನ ಮನೆಗೆ ಬಂದಿದ್ದೆವು. ಹಸಿರು ಬಳೆ ತೆಗೆದ ಅವ್ವ ಮಾಸಿದ ಸೀರೆಯುಟ್ಟು ಒಳಕೋಣೆ ಸೇರಿದವಳು ಅಂಗಳಕ್ಕೂ ಇಳಿಯುತ್ತಿರಲಿಲ್ಲ. ಮಾಮಾನ ಸೋಗೆಲ್ಲ ದಿನವೂ ಶುರುವಾಗುತ್ತಿದ್ದುದು ಆ ಕೋಣೆಯ ಬಾಗಿಲ ಮುಂದೆಯೇ. ಅದು ಯಾಕೆಂದು ನನಗೆ ಆಗ ಹೊಳೆಯಲಿಲ್ಲ ನೋಡಿ!

ಒಂದು ದಿನ ಮಾಮಾ ಸಿಂದಗಿ ಬಸ್ಸನ್ನು ಓಡಿ ಹಿಡಿದ. ಮರುದಿನ ಮಧ್ಯಾಹ್ನ ಹಸಿರು ಇಳಕಲ್ ಸೀರೆಯೊಂದಿಗೆ ಬಂದು ಅವ್ವನ ಮುಂದೆ ಹಿಡಿದ.

"ಉಟ್ಕೊಳವ್ವ."

"ಅಣ್ಣಾ, ಮಂದಿ ಏನಂದಾರು?"

"ಊಸರವಳ್ಳಿ ಅಂದಾರು. ಚಹಾ ಕುಡಿಸಿದ್ರಾತು!"

ಅವ್ವ ಫಕ್ಕನೆ ನಕ್ಕಳು. ನಗುತ್ತಲೇ ಅತ್ತಳು.

"ಥಂಡ್ಯಾಗ ಭಾಳ ದಿನ ಕುಂತಿ ತಂಗಿ," ಎಂದ ಮಾಮಾ, "ಬಿಸಿಲಿಗೆ ಬಾ."

ಹಸಿರು ಸೀರೆಯುಟ್ಟ ಅವ್ವ ಅಂಗಳಕ್ಕೆ ಇಳಿದಾಗ ಮಟಮಟ ಮಧ್ಯಾಹ್ನ. ಶಾಸ್ತ್ರದ ಪ್ರಕಾರ ಮಾಮಾ ಆಗ ಬಿಳಿಯಾಗಿರಬೇಕಿತ್ತು. ಅವನು ಕಟ್ಟೆಯ ಮೇಲೆ, ಕರಿ ಕಂಬಳಿಯನ್ನು ಮುಖ ಕಾಣದಂತೆ ಎಳೆದುಕೊಂಡು ಕೂತಿದ್ದ.