ಒಲೆಗೆ ಎರಡು ಕೊಡ

ಸರ್ಕಾರವನ್ನು ನನ್ನ ಕೈಗೆ ಕೊಟ್ಟರೆ ಒಂದೇ ಕಾಯ್ದೆಯಲ್ಲಿ ನಡೆಸಿ ತೋರಿಸುತ್ತೇನೆ ಎಂದು ಬಸವನ ಬಾಗೇವಾಡಿಯ ಅರ್ಧ ಊರಿಗೆ ಹೇಳಿದ್ದೆ. ಉಳಿದರ್ಧ ಊರು ನನ್ನ ಕನ್ನಡಕದ ಅಂಗಡಿಗೆ ಬರುವುದಿಲ್ಲ. ಅಂಗಡಿಗೊಂದು ಹೊಸ ಬೋರ್ಡು ಹಾಕಲು ಕಚೇರಿ ಅಲೆದು ಚಪ್ಪಲಿ ಸವೆಸಿದವನು ನಾನು. ಕಾಯ್ದೆ ಕಡಿಮೆಯಾದಷ್ಟೂ ಜನ ಸುಖ ಎಂಬುದು ನನ್ನ ಸಿದ್ಧಾಂತ. ಅದರ ಪ್ರಯೋಗಕ್ಕೆ ಸಿಕ್ಕ ಸಾಮ್ರಾಜ್ಯ, ನಮ್ಮ ಓಣಿಯ ನಳ!

ಎಂಟು ದಿನಕ್ಕೊಮ್ಮೆ ನೀರು ಬರುವ ನಳ ಅದು. ಯಾರ ಕೊಡ ಮುಂದೆ, ಯಾರದು ಹಿಂದೆ ಎಂಬುದನ್ನು ಪಕ್ಕದ ಮನೆಯ ಮುದುಕಿ ಅಮೀನಾಬಿ ಖಾಲಾ ಕಟ್ಟೆಯ ಮೇಲೆ ಕೂತು, ಎಲೆಅಡಿಕೆ ಅಗಿಯುತ್ತ, ಬೆರಳು ತೋರಿಸಿ ತೀರ್ಮಾನಿಸುತ್ತಿದ್ದರು. ಇದು ಸರ್ವಾಧಿಕಾರ ಎಂದು ನಾನು ಭಾಷಣ ಬಿಗಿದೆ.

"ಇನ್ನ ಮುಂದ ಒಂದಽ ಕಾಯ್ದೆ. ಮನಿಗೆ ಎರಡು ಕೊಡ, ಬಂದವರ ಪಾಳಿ ಪ್ರಕಾರ. ಮುಗೀತು."

"ಮಾಡಪಾ ತಮ್ಮಾ, ನನಗೂ ಮೊಣಕಾಲು ನೋಯ್ತಾವ" ಎಂದು ಖಾಲಾ ಪದತ್ಯಾಗ ಮಾಡಿದರು.

ಕಾಯ್ದೆ ಜಾರಿಗೆ ಬಂದ ದಿನವೇ ಮಗಳು ಹುಮಾಳನ್ನು ನೋಡಲು ದೇವಣಗಾಂವದಿಂದ ಹುಡುಗನ ಮನೆಯವರು ಬರುವವರಿದ್ದರು. ಹುಮಾಗೆ ಹುಡುಗ ಆಗಲೇ ಮನಸ್ಸಿಗೆ ಬಂದಿದ್ದ. ಅವರು ಒಪ್ಪುವುದೊಂದೇ ಬಾಕಿ. ಹೆಂಡತಿ ನಸ್ರೀನ ಖಾಲಿ ಹಂಡೆ ತೋರಿಸಿದಳು.

"ಬಂದವರ ಕೈಗೆ ನೀರು ಕೊಡಾಕೂ ಹನಿ ಇಲ್ಲ. ಮೊದಲು ಎರಡು ಕೊಡ ತುಂಬಕೊಂಡು ಬರ್ರಿ."

"ಕಾಯ್ದೆ ಮಾಡಿದಾವನಽ ಪಾಳಿ ಮುರದ್ರ ಹೆಂಗ?" ಎಂದು ನಾನು ಹೋಗಿ ಎಲ್ಲರ ಹಿಂದೆ ನಿಂತೆ.

ನೀರು ಬಂತು. ಮೊದಲ ಪಾಳಿಯ ರೇವಣಪ್ಪ ಆರು ಕೊಡ ಇಟ್ಟಿದ್ದ.

"ರೇವಣಪ್ಪಣ್ಣಾ, ಮನಿಗೆ ಎರಡಽ."

"ಹೌದ್ರಿ ಜಾಹಿದಭಾಯಿ. ಮಕ್ಕಳಿಬ್ಬರು ಬ್ಯಾರೆ ಆಗ್ಯಾರ. ಮೂರು ಮನಿ ಆತಲ್ರಿ?"

"ಬಾಗಲಾ ಒಂದಽ ಐತಲ್ಲ?"

"ಬಾಗಲಾ ಒಂದಿದ್ರೇನ್ರಿ, ಒಲಿ ಬ್ಯಾರೆ."

ಮಾತು ಸರಿಯೇ. ನಮ್ಮ ಕಡೆ ಒಲೆ ಬೇರೆಯಾದರೆ ಮನೆ ಬೇರೆ. ನಾನು ತಿದ್ದುಪಡಿ ಹೊರಡಿಸಿದೆ: ಮನೆ ಎಂದರೆ ಒಲೆ. ಕೂಡಲೇ ಸಾತವ್ವ, ತಾನು ಸೊಸೆಯ ಕೈಯಡುಗೆ ಉಣ್ಣುವುದೇ ಇಲ್ಲ, ತನ್ನ ಒಲೆ ಬೇರೆ ಎಂದಳು. ಸೊಸೆ ಬಹಳ ಸಂತೋಷದಿಂದ ಹೌದೆಂದಳು. ಮತ್ತೊಬ್ಬ ತನ್ನ ಮನೆಯಲ್ಲಿ ಚಹಾಕ್ಕೇ ಬೇರೆ ಒಲೆಯಿದೆ ಎಂದ. ಸುಳ್ಳು ತಡೆಯಲು ಇನ್ನೊಂದು ತಿದ್ದುಪಡಿ: ಒಲೆ ತಂದು ತೋರಿಸಬೇಕು.

ತಂದರು! ಗ್ಯಾಸಿನ ಒಲೆ, ಇದ್ದಿಲ ಒಲೆ, ಅಟ್ಟದ ಮೇಲಿದ್ದ ಸೀಮೆಎಣ್ಣೆ ಸ್ಟೋವ್. ಸಾತವ್ವ ಮೂರು ಕಲ್ಲು ಹೊತ್ತು ತಂದಳು. ಉರಿಯದ್ದು ಒಲೆಯೇ ಅಲ್ಲ ಎಂದು ರೇವಣಪ್ಪ ಆಕ್ಷೇಪಣೆ ಎತ್ತಿದ್ದಕ್ಕೆ, ಹಚ್ಚಿ ತೋರಿಸಬೇಕೆಂದು ಮತ್ತೊಂದು ತಿದ್ದುಪಡಿ. ಕರೆಂಟಿನ ಒಲೆ ತಂದವನು ವೈರು ಸಾಲದೆ ನನ್ನ ಕಿಟಕಿಯಿಂದಲೇ ಕರೆಂಟು ಎಳೆದ. ಓಣಿ ತುಂಬ ಹೊಗೆ. ತಪಾಸಣೆ ಮುಗಿಯುವ ತನಕ ನಳಕ್ಕೆ ಯಾರೂ ಕೊಡ ಹಚ್ಚಕೂಡದು ಎಂದು ಅಪ್ಪಣೆ ಹೊರಡಿಸಿ, ನಾನು ಕಣ್ಣೊರೆಸಿಕೊಳ್ಳುತ್ತ ಒಲೆ ಪರೀಕ್ಷಿಸುತ್ತಿದ್ದೆ. ನೀರು ಯಾವ ಕಾಯ್ದೆಗೂ ಕಾಯದೆ ಗಟಾರಕ್ಕೆ ಹರಿಯುತ್ತಿತ್ತು. ಕೊನೆಗೆ ನಳ ಒಮ್ಮೆ ಕೆಮ್ಮಿ ಸುಮ್ಮನಾಯಿತು.

ಎರಡೂ ಖಾಲಿ ಕೊಡ ಹಿಡಿದು ನಿಂತ ನನ್ನನ್ನು ಕಂಡು ಖಾಲಾ ಹತ್ತಿರ ಬಂದರು.

"ತಮ್ಮಾ, ನನಗ ಗೊತ್ತಿದ್ದದ್ದು ಒಂದಽ ಪದ್ಧತಿ. ಯಾರ ಮನಿಗೆ ಬೀಗರು ಬರ್ತಾರ, ಅವರ ಕೊಡ ಎಲ್ಲಾರಕಿಂತ ಮುಂದ. ನಾ ಕುಂತಿದ್ರ ಇವತ್ತ ಮೊದಲ ಪಾಳಿ ನಿಂದಽ ಇತ್ತು. ಹೋಗ್ಲಿ, ನನ್ನ ಮನ್ಯಾಗ ಒಂದು ಕೊಡ ಹಳೇ ನೀರೈತಿ, ಒಯ್ಯಿ."

ಕೊಡ ಹೊತ್ತು ಮನೆ ಸೇರುವಷ್ಟರಲ್ಲಿ ಬಾಗಿಲಿಗೆ ಜೀಪು ಬಂದು ನಿಂತಿತು. ಹುಡುಗನ ತಂದೆ ಮಶಾಕಸಾಬರು ಇಳಿದು, ಓಣಿಯುದ್ದಕ್ಕೂ ಉರಿಯುತ್ತಿದ್ದ ಒಲೆಗಳ ಸಾಲು ನೋಡಿ ಬೆರಗಾದರು.

"ನಾವು ಬರೇ ಹುಡುಗೀನ ನೋಡಾಕ ಬಂದೇವಿ. ನೀವು ಮದುವಿ ಊಟಕ್ಕಽ ಒಲಿ ಹಚ್ಚೀರಲ್ರಿ! ಆತು, ಇಷ್ಟು ಪ್ರೀತಿ ಇದ್ದ ಮ್ಯಾಲೆ ನಮ್ಮದೂ ಒಪ್ಪಿಗಿ ಅನ್ರಿ."

ನಾನು ಎದೆಯುಬ್ಬಿಸಿ ಬಾಯಿ ತೆರೆಯುವುದರೊಳಗೆ ನಸ್ರೀನ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಊಟ ಅಲ್ರಿ ಅದು. ನಮ್ಮ ಮನಿಯವ್ರು ಮುಂಜಾನಿಂದ ಕಾಯ್ದೆ ಬೇಯಿಸಾಕತ್ತಾರ. ನೀರು ಹಾಕೋದು ಮರತು ತಳ ಹತ್ತೇತಿ."